ಮೊಲ, ಬೆಕ್ಕು ಮತ್ತು ಹಸಿರು ಗಿಳಿ: ಮಕ್ವಾರಿ ದ್ವೀಪದ ಲೆಕ್ಕ



ನಿಮ್ಮ ಶಾಲೆಯ ಗ್ಲೋಬನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಆಸ್ಟ್ರೇಲಿಯಾ ಖಂಡವನ್ನು ಹುಡುಕಿ. ಅದರ ಕೆಳಗೆ ಹೃದಯದ ಆಕಾರದ ಟಾಸ್ಮೇನಿಯಾ ದ್ವೀಪವಿದೆ. ಅಲ್ಲಿಂದ ಬೆರಳನ್ನು ಆಗ್ನೇಯ ದಿಕ್ಕಿಗೆ, ಅಂಟಾರ್ಕ್ಟಿಕಾದ ಕಡೆಗೆ ನಿಧಾನವಾಗಿ ಎಳೆಯಿರಿ. ಸುಮಾರು ಅರ್ಧ ದಾರಿಯಲ್ಲಿ, 54 ಡಿಗ್ರಿ ದಕ್ಷಿಣ ಅಕ್ಷಾಂಶ ದಾಟಿದ ಮೇಲೆ ಬೆರಳು ನಿಲ್ಲಿಸಿ. ಏನು ಕಾಣಿಸುತ್ತದೆ? ಬರೀ ನೀಲಿ ಬಣ್ಣ, ಅಲ್ಲವೇ? ನಮ್ಮ ಶಾಲೆಗಳಲ್ಲಿರುವ ಬಹಳಷ್ಟು ಗ್ಲೋಬುಗಳಲ್ಲಿ ಈ ದ್ವೀಪಕ್ಕೆ ಒಂದು ಚುಕ್ಕಿಯನ್ನೂ ಇಟ್ಟಿರುವುದಿಲ್ಲ. ಪೆನ್ಸಿಲಿನಿಂದ ನೀವೇ ಒಂದು ಚುಕ್ಕಿ ಇಡಿ. ಅದೇ ಮಕ್ವಾರಿ ದ್ವೀಪ.

ಉದ್ದ 34 ಕಿಲೋಮೀಟರ್. ಅಗಲ ಹೆಚ್ಚೆಂದರೆ ಐದೂವರೆ ಕಿಲೋಮೀಟರ್. ಟಾಸ್ಮೇನಿಯಾದಿಂದ ಸುಮಾರು 1,500 ಕಿ.ಮೀ. ದೂರ. ವಿಮಾನ ಇಳಿಯಲು ಜಾಗವಿಲ್ಲ, ಹಡಗು ನಿಲ್ಲಲು ಬಂದರೂ ಇಲ್ಲ. ಇಷ್ಟು ಸಣ್ಣ, ಇಷ್ಟು ದೂರದ ದ್ವೀಪದ ಬಗ್ಗೆ ನಾವು ಏಕೆ ಓದಬೇಕು ಎಂದು ನೀವು ಕೇಳಬಹುದು. ನಿಮ್ಮ ಪರಿಸರ ಅಧ್ಯಯನ ಪುಸ್ತಕದಲ್ಲಿ 'ಆಹಾರ ಜಾಲ' ಎಂಬ ಪಾಠವಿದೆ. ಹುಲ್ಲಿನಿಂದ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ ಬಾಣದ ಗುರುತು ಹಾಕಿ ಅಂಕ ಪಡೆದು ಮರೆತುಬಿಡುತ್ತೇವೆ. ಆ ಬಾಣದ ಗುರುತುಗಳು ನಿಜವಾಗಿ ಹೇಗೆ ಕೆಲಸ ಮಾಡುತ್ತವೆ ಎಂಬುದು ಇನ್ನೂರು ವರ್ಷಗಳ ಕಾಲ ಕಣ್ಣೆದುರಿಗೇ ನಡೆದು ತೋರಿದ ಜಾಗ ಇದು. ಅದರ ಬೆಲೆಯನ್ನು ಪ್ರಾಣಿಗಳು ತೆತ್ತವು.

ಸಮುದ್ರದ ತಳವೇ ಮೇಲೆದ್ದು ಬಂದಾಗ

ಮೊದಲು ದ್ವೀಪ ಹುಟ್ಟಿದ ಬಗೆ ತಿಳಿಯೋಣ. ಭೂಮಿಯ ಹೊರಗಿನ ಪದರ ಭೂಕವಚ, ಅದರ ಕೆಳಗಿನದು ಮ್ಯಾಂಟಲ್ ಎಂದು ನೀವು ಕಲಿತಿದ್ದೀರಿ. ಸಮುದ್ರದ ಅಡಿಯಲ್ಲಿರುವ ಭೂಕವಚದ ದಪ್ಪ ಸುಮಾರು ಆರು ಕಿಲೋಮೀಟರ್. ಅದನ್ನು ಪೂರ್ತಿ ಕೊರೆದು ಮ್ಯಾಂಟಲಿನ ಕಲ್ಲನ್ನು ನೋಡುವುದು ಬಹಳ ಕಷ್ಟದ ಕೆಲಸ. ಆದರೆ ಮಕ್ವಾರಿಯಲ್ಲಿ ಕೊರೆಯುವುದೇ ಬೇಡ. ಅಲ್ಲಿ ಭೂಮಿಯ ಎರಡು ದೊಡ್ಡ ಫಲಕಗಳು, ಅಂದರೆ ಆಸ್ಟ್ರೇಲಿಯಾ ಫಲಕ ಮತ್ತು ಪೆಸಿಫಿಕ್ ಫಲಕ, ಒಂದನ್ನೊಂದು ಒತ್ತುತ್ತಿವೆ. ಟೂತ್‌ಪೇಸ್ಟಿನ ಟ್ಯೂಬನ್ನು ಹಿಂಡಿದಂತೆ ಸಮುದ್ರದ ತಳ ಮೇಲಕ್ಕೆ ಬಂದಿದೆ. ಸುಮಾರು ಆರು ಲಕ್ಷ ವರ್ಷಗಳ ಹಿಂದೆ ಅದು ನೀರಿನ ಮೇಲೆ ತಲೆ ಎತ್ತಿತು. ಹಾಗಾಗಿ ದ್ವೀಪದ ಮೇಲೆ ನಡೆಯುತ್ತಾ ಹೋದರೆ ಒಂದು ಕಡೆ ಸಮುದ್ರತಳದ ಲಾವಾ ಕಲ್ಲು, ಇನ್ನೊಂದು ಕಡೆ ಮ್ಯಾಂಟಲಿನಿಂದಲೇ ಬಂದ ಕಲ್ಲು ಸಿಗುತ್ತದೆ. 1997ರಲ್ಲಿ ಯುನೆಸ್ಕೋ ಈ ದ್ವೀಪವನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದ್ದಕ್ಕೆ ಮುಖ್ಯ ಕಾರಣ ಈ ಕಲ್ಲುಗಳೇ.

ಸಮುದ್ರತಳದ ಲಾವಾ ಹೇಗಿರುತ್ತದೆ ಎಂದು ನೋಡಲು ನಾವು ಅಷ್ಟು ದೂರ ಹೋಗಬೇಕಿಲ್ಲ. ಕುದಿಯುವ ಲಾವಾ ತಣ್ಣೀರಿಗೆ ಸೋಕಿದೊಡನೆ ಹೊರಮೈ ಗಟ್ಟಿಯಾಗುತ್ತದೆ, ಒಳಗಿನದು ಉಬ್ಬುತ್ತದೆ. ಹೀಗೆ ದಿಂಬುಗಳನ್ನು ಪೇರಿಸಿಟ್ಟಂಥ ಕಲ್ಲುಗಳಾಗುತ್ತವೆ. ಇದಕ್ಕೆ ದಿಂಬು ಲಾವಾ ಎನ್ನುತ್ತಾರೆ. ಮಕ್ವಾರಿಯಲ್ಲಿ ಇವು ಹೇರಳ. ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿಯೂ ಇಂಥ ದಿಂಬು ಲಾವಾ ಇದೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಲಾಗಿದೆ. ವಯಸ್ಸಿನಲ್ಲಿ ಮಾತ್ರ ಎರಡಕ್ಕೂ ಹೋಲಿಕೆಯೇ ಇಲ್ಲ. ಮಕ್ವಾರಿಯದು ಸುಮಾರು ಒಂದು ಕೋಟಿ ವರ್ಷ, ಮರಡಿಹಳ್ಳಿಯದು ಸುಮಾರು 250 ಕೋಟಿ ವರ್ಷ! ಆ ದಾರಿಯಲ್ಲಿ ಪ್ರವಾಸ ಹೋಗುವ ಶಾಲೆಯವರು ಅರ್ಧ ಗಂಟೆ ಬಸ್ಸು ನಿಲ್ಲಿಸಿ ನೋಡಿ ಬನ್ನಿ.

ಮರವಿಲ್ಲದ ಊರು

ದಕ್ಷಿಣ ಗೋಳಾರ್ಧದಲ್ಲಿ 40 ಡಿಗ್ರಿ ಅಕ್ಷಾಂಶದ ಆಚೆ ಗಾಳಿಯನ್ನು ತಡೆಯುವ ನೆಲವೇ ಹೆಚ್ಚಿಲ್ಲ. ಪಶ್ಚಿಮದ ಗಾಳಿ ಭೂಮಿಯನ್ನು ಸುತ್ತುತ್ತಲೇ ಇರುತ್ತದೆ. ಹಡಗಿನವರು ಆ ಪ್ರದೇಶವನ್ನು 'ಗರ್ಜಿಸುವ ನಲವತ್ತು', ಅದರ ಕೆಳಗಿನದನ್ನು 'ರೊಚ್ಚಿಗೆದ್ದ ಐವತ್ತು' ಎಂದು ಕರೆದರು. ಮಕ್ವಾರಿ ಇರುವುದು ಈ ರೊಚ್ಚಿಗೆದ್ದ ಐವತ್ತರಲ್ಲಿ. ವರ್ಷದ 300ಕ್ಕೂ ಹೆಚ್ಚು ದಿನ ಮಳೆಯೋ ಹಿಮವೋ ಬೀಳುತ್ತದೆ. ಬೇಸಿಗೆಗೂ ಚಳಿಗಾಲಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ವರ್ಷವಿಡೀ ಸರಾಸರಿ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಂದರೆ ಫ್ರಿಜ್ಜಿನ ಒಳಗಿನಷ್ಟು.

ಅಲ್ಲಿ ಒಂದೂ ಮರವಿಲ್ಲ. ಸೊಂಟದೆತ್ತರದ ಜೊಂಡಿನಂಥ ಹುಲ್ಲು, ದೊಡ್ಡ ಎಲೆಯ 'ಮಕ್ವಾರಿ ಕೋಸು', ನೆಲಕ್ಕೆ ಅಂಟಿಕೊಂಡು ಬೆಳೆಯುವ ಮೆತ್ತೆ ಗಿಡಗಳು, ಇಷ್ಟೇ. ಹೆಸರಿಗೆ ಕೋಸಾದರೂ ಅದು ನಾವು ಪಲ್ಯ ಮಾಡುವ ಕೋಸಿನ ಬಳಗದ್ದಲ್ಲ. ಹಿಂದೆ ನಾವಿಕರು ವಿಟಮಿನ್ 'ಸಿ' ಕೊರತೆಯಿಂದ ಬರುವ ಸ್ಕರ್ವಿ ರೋಗ ತಡೆಯಲು ಅದನ್ನು ತಿನ್ನುತ್ತಿದ್ದರು.

ನೆಲದಲ್ಲಿ ಬಡತನ, ಸುತ್ತಲಿನ ಸಮುದ್ರದಲ್ಲಿ ಶ್ರೀಮಂತಿಕೆ. ತಣ್ಣೀರಿನಲ್ಲಿ ಮೀನು, ಸಿಗಡಿಯಂಥ ಜೀವಿಗಳು ಲೆಕ್ಕವಿಲ್ಲದಷ್ಟು. ಅವನ್ನು ತಿನ್ನುವ ಪಕ್ಷಿ ಪ್ರಾಣಿಗಳಿಗೆ ಮೊಟ್ಟೆಯಿಡಲು, ಮರಿ ಹಾಕಲು ಮಾತ್ರ ನೆಲ ಬೇಕು. ಸುತ್ತಲಿನ ನೂರಾರು ಕಿ.ಮೀ. ಸಮುದ್ರದಲ್ಲಿ ಇದೊಂದೇ ನೆಲ. ಆದ್ದರಿಂದ ಎಲ್ಲರೂ ಇಲ್ಲಿಗೇ ಬರುತ್ತಾರೆ. ತಲೆಯ ಮೇಲೆ ಹಳದಿ ಜುಟ್ಟಿರುವ ರಾಯಲ್ ಪೆಂಗ್ವಿನ್‌ಗಳು ಪ್ರಪಂಚದಲ್ಲಿ ಮೊಟ್ಟೆಯಿಡುವುದು ಮಕ್ವಾರಿಯಲ್ಲಿ ಮತ್ತು ಅದಕ್ಕೆ ಸೇರಿದ ಪುಟ್ಟ ಬಂಡೆಗಳಲ್ಲಿ ಮಾತ್ರ. ಕಿಂಗ್ ಪೆಂಗ್ವಿನ್‌ಗಳಿವೆ, ಆಲ್ಬಟ್ರಾಸ್‌ಗಳಿವೆ. ಆನೆ ಸೀಲ್‌ಗಳಿವೆ. ಗಂಡು ಆನೆ ಸೀಲ್ ಮೂರು ಟನ್‌ಗೂ ಹೆಚ್ಚು ತೂಗುತ್ತದೆ, ಮೂಗು ಸೊಂಡಿಲಿನ ಮೊಟಕು ತುಂಡಿನಂತೆ ಕಾಣುತ್ತದೆ. ನೆಲದ ಮೇಲೆ ಓಡಾಡುವ ಬೇಟೆಗಾರ ಪ್ರಾಣಿ ಒಂದೂ ಇರಲಿಲ್ಲ. ಇದನ್ನು ನೆನಪಿಡಿ.

ಮನುಷ್ಯ ಬಂದ

1810ರ ಜುಲೈ ತಿಂಗಳು. ಸೀಲ್ ಬೇಟೆಗೆ ಹೊಸ ಜಾಗ ಹುಡುಕುತ್ತಿದ್ದ ಫ್ರೆಡರಿಕ್ ಹ್ಯಾಸಲ್‌ಬರೋ ಎಂಬ ಕಪ್ತಾನ ಈ ದ್ವೀಪವನ್ನು ಕಂಡ. ಆಗ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆಗಿದ್ದ ಲಾಕ್ಲನ್ ಮಕ್ವಾರಿಯ ಹೆಸರನ್ನು ಅದಕ್ಕೆ ಇಟ್ಟರು. ತುಪ್ಪಳಕ್ಕಾಗಿ ತುಪ್ಪಳ ಸೀಲ್‌ಗಳ ಬೇಟೆ ಶುರುವಾಯಿತು. ಹತ್ತೇ ವರ್ಷಗಳಲ್ಲಿ ಸುಮಾರು ಎರಡು ಲಕ್ಷ ಸೀಲ್‌ಗಳು ಮುಗಿದವು. ಎಷ್ಟು ಪೂರ್ತಿಯಾಗಿ ಮುಗಿದವೆಂದರೆ, ಅವು ಯಾವ ಪ್ರಭೇದದ ಸೀಲ್‌ಗಳಾಗಿದ್ದವು ಎಂಬುದನ್ನು ಕೂಡ ಯಾರೂ ಸರಿಯಾಗಿ ಬರೆದಿಡಲಿಲ್ಲ. ಚರ್ಮಗಳನ್ನು ಎಣಿಸಿದರು, ಪ್ರಾಣಿಯನ್ನು ನೋಡಲಿಲ್ಲ.

ನಂತರ ಆನೆ ಸೀಲ್‌ಗಳ ಸರದಿ. ಅವುಗಳ ಕೊಬ್ಬನ್ನು ಕರಗಿಸಿ ದೀಪದ ಎಣ್ಣೆ ಮಾಡಿದರು. ಅವೂ ಕಡಿಮೆಯಾದ ಮೇಲೆ ಪೆಂಗ್ವಿನ್‌ಗಳ ಸರದಿ. ನ್ಯೂಜಿಲೆಂಡಿನ ಜೋಸೆಫ್ ಹ್ಯಾಚ್ ಎಂಬ ವ್ಯಾಪಾರಿ ದೊಡ್ಡ ಕಬ್ಬಿಣದ ಹಂಡೆಗಳನ್ನು ತಂದು ಕಡಲ ದಂಡೆಯಲ್ಲಿ ನಿಲ್ಲಿಸಿದ. ಹಂಡೆಯೊಳಗೆ ಪೆಂಗ್ವಿನ್‌ಗಳನ್ನು ತುಂಬಿ ಹಬೆಯಲ್ಲಿ ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು. ಒಂದು ಪೆಂಗ್ವಿನ್‌ನಿಂದ ಸಿಗುತ್ತಿದ್ದದ್ದು ಸುಮಾರು ಅರ್ಧ ಲೀಟರ್. ಲುಸಿಟಾನಿಯಾ ಕೊಲ್ಲಿಯ ಕಿಂಗ್ ಪೆಂಗ್ವಿನ್‌ಗಳು ಕೆಲವೇ ಸಾವಿರಕ್ಕೆ ಇಳಿದವು.

ಇದನ್ನು ನಿಲ್ಲಿಸಲು ದನಿ ಎತ್ತಿದವರಲ್ಲಿ ಭೂವಿಜ್ಞಾನಿ ಡಗ್ಲಸ್ ಮಾಸನ್ ಮುಖ್ಯರು. ಅಂಟಾರ್ಕ್ಟಿಕಾಕ್ಕೆ ಹೋಗುವಾಗ, 1911ರ ಡಿಸೆಂಬರ್‌ನಲ್ಲಿ, ಅವರು ಐದು ಜನರನ್ನು ಮಕ್ವಾರಿಯಲ್ಲಿ ಇಳಿಸಿದ್ದರು. ಆ ಐವರು ಒಂದು ಗುಡ್ಡದ ಮೇಲೆ ಕಂಬ ನೆಟ್ಟು ನಿಸ್ತಂತು ಕೇಂದ್ರ ಕಟ್ಟಿದರು. ಅಂಟಾರ್ಕ್ಟಿಕಾದಿಂದ ಹೊರಟ ಸುದ್ದಿ ಈ ಗುಡ್ಡಕ್ಕೆ ಬಂದು, ಇಲ್ಲಿಂದ ಆಸ್ಟ್ರೇಲಿಯಾ ತಲುಪಿತು. ಅಂಟಾರ್ಕ್ಟಿಕಾ ಹೊರಜಗತ್ತಿನೊಡನೆ ನಿಸ್ತಂತುವಿನಲ್ಲಿ ಮಾತನಾಡಿದ್ದು ಹಾಗೆ ಮೊದಲಾಯಿತು. ಆ ತಂಡದ ಲೆಸ್ಲಿ ಬ್ಲೇಕ್ ಎಂಬ ತರುಣ ಗಾಳಿ ಮಳೆಯಲ್ಲಿ ಇಡೀ ದ್ವೀಪ ಅಲೆದು ನಕ್ಷೆ ಬರೆದ. ಮೊದಲ ಮಹಾಯುದ್ಧ ಮುಗಿಯಲು ಕೆಲವೇ ವಾರಗಳಿದ್ದಾಗ, 1918ರಲ್ಲಿ, ಫ್ರಾನ್ಸಿನಲ್ಲಿ ತೀರಿಕೊಂಡ.

1920ರ ಹೊತ್ತಿಗೆ ಎಣ್ಣೆಯ ಕೆಲಸ ನಿಂತಿತು. 1933ರಲ್ಲಿ ದ್ವೀಪ ಅಭಯಾರಣ್ಯವಾಯಿತು. 1948ರಿಂದ ಅಲ್ಲಿ ವಿಜ್ಞಾನಿಗಳ ಕೇಂದ್ರವಿದೆ. ಕಿಂಗ್ ಪೆಂಗ್ವಿನ್‌ಗಳು ಮತ್ತೆ ಹೆಚ್ಚಿ ಲಕ್ಷ ದಾಟಿದವು. ಲುಸಿಟಾನಿಯಾ ಕೊಲ್ಲಿಯಲ್ಲಿ ಆ ಹಳೆಯ ಹಂಡೆಗಳು ತುಕ್ಕು ಹಿಡಿದು ಇನ್ನೂ ನಿಂತಿವೆ. ಅವುಗಳ ಸುತ್ತ ಪೆಂಗ್ವಿನ್‌ಗಳು ಗಿಜಿಗುಡುತ್ತವೆ. ಹಂಡೆಗಳನ್ನು ಕಿತ್ತು ಹಾಕಿಲ್ಲ. ಅವೂ ದ್ವೀಪದ ಇತಿಹಾಸದ ಭಾಗವೆಂದು ಉಳಿಸಿಕೊಂಡಿದ್ದಾರೆ. ನನಗೆ ಇದು ಸರಿ ಎನ್ನಿಸುತ್ತದೆ.

ಗಿಳಿ ಹೇಗೆ ಮಾಯವಾಯಿತು?

ಬೇಟೆಗಾರರು ಹೋದರೂ ಅವರು ತಂದ ಪ್ರಾಣಿಗಳು ಹೋಗಲಿಲ್ಲ. ಈಗ ನಾವು ಲೆಕ್ಕದ ಭಾಗಕ್ಕೆ ಬರೋಣ.

ಮಕ್ವಾರಿಯಲ್ಲಿ ಒಂದು ಹಸಿರು ಗಿಳಿ ಇತ್ತು. ಮರವಿಲ್ಲದ ಊರಿನ ಗಿಳಿ! ಹುಲ್ಲಿನ ಬುಡದಲ್ಲಿ, ನೆಲದ ಮೇಲೆಯೇ ಗೂಡು ಮಾಡುತ್ತಿತ್ತು. ಕಡಲ ದಂಡೆಯಲ್ಲಿ ಹುಳು ಹೆಕ್ಕುತ್ತಿತ್ತು. ಅದು ಪ್ರಪಂಚದ ಬೇರೆಲ್ಲಿಯೂ ಇರಲಿಲ್ಲ. ಬೇಟೆಗಾರರ ಜೊತೆ ಹಡಗಿನ ಬೆಕ್ಕುಗಳು ಬಂದು ಕಾಡುಬೆಕ್ಕುಗಳಾದವು. 1820ರಲ್ಲಿ ರಷ್ಯಾದ ನಾವಿಕ ಬೆಲ್ಲಿಂಗ್ಸ್‌ಹೌಸೆನ್ ದ್ವೀಪಕ್ಕೆ ಬಂದಾಗ ಗಿಳಿಗಳೂ ಇದ್ದವು, ಬೆಕ್ಕುಗಳೂ ಇದ್ದವು. ಮುಂದಿನ ಅರವತ್ತು ವರ್ಷ ಗಿಳಿ ಉಳಿದುಕೊಂಡಿತು. 1879ರ ಸುಮಾರಿಗೆ ಬೇಟೆಗಾರರು ತಮ್ಮ ಊಟಕ್ಕೆಂದು ಮೊಲಗಳನ್ನು ತಂದು ಬಿಟ್ಟರು. ಮೊಲ ಹುಲ್ಲು ತಿನ್ನುವ ಸಾಧು ಪ್ರಾಣಿ. ಆದರೆ 1890ರ ದಶಕದ ಆರಂಭಕ್ಕೆ ಗಿಳಿ ನಿರ್ನಾಮವಾಯಿತು.

ಇಲ್ಲಿ ಓದುವುದನ್ನು ನಿಲ್ಲಿಸಿ. ಬೆಕ್ಕಿನ ಜೊತೆ ಅರವತ್ತು ವರ್ಷ ಬದುಕಿದ ಗಿಳಿ, ಮೊಲ ಬಂದ ಹತ್ತು ಹನ್ನೆರಡು ವರ್ಷದಲ್ಲಿ ಏಕೆ ಸತ್ತಿತು? ಪಕ್ಕದವರೊಡನೆ ಮಾತಾಡಿ, ಉತ್ತರ ಬರೆದುಕೊಂಡು ಮುಂದೆ ಓದಿ.

ನಾನು ಒಂದು ಶಾಲೆಯಲ್ಲಿ ಈ ಪ್ರಶ್ನೆ ಕೇಳಿದಾಗ ಬಹಳ ಮಕ್ಕಳು 'ಮೊಲ ಗಿಳಿಯ ಆಹಾರ ತಿಂದುಬಿಟ್ಟಿತು' ಎಂದರು. ಒಳ್ಳೆಯ ಊಹೆಯೇ. ಆದರೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, 'ಸಾರ್, ಚಳಿಗಾಲದಲ್ಲಿ ಬೆಕ್ಕು ಏನು ತಿಂತಿತ್ತು?' ಎಂದು ಕೇಳಿದಳು. ಕೀಲಿ ಇರುವುದು ಅಲ್ಲಿಯೇ.

ಬೇಸಿಗೆಯಲ್ಲಿ ದ್ವೀಪದ ತುಂಬ ಕಡಲ ಹಕ್ಕಿಗಳು, ಬೆಕ್ಕಿಗೆ ಹಬ್ಬ. ಚಳಿಗಾಲದಲ್ಲಿ ಬಹುಪಾಲು ಹಕ್ಕಿಗಳು ಸಮುದ್ರಕ್ಕೆ ಹೊರಟುಹೋಗುತ್ತವೆ, ಬೆಕ್ಕಿಗೆ ಉಪವಾಸ. ಅನೇಕ ಬೆಕ್ಕುಗಳು ಸಾಯುತ್ತವೆ. ಹೀಗೆ ಪ್ರತಿ ಚಳಿಗಾಲವೂ ಬೆಕ್ಕಿನ ಸಂಖ್ಯೆಗೆ ಕಡಿವಾಣ ಹಾಕುತ್ತಿತ್ತು. ಮೊಲ ಬಂದ ಮೇಲೆ ಚಳಿಗಾಲದಲ್ಲಿಯೂ ಮಾಂಸ ಸಿಕ್ಕಿತು. ಕಡಿವಾಣ ಕಳಚಿತು. ಬೆಕ್ಕುಗಳು ಹೆಚ್ಚಾದವು. ಹೆಚ್ಚಾದ ಬೆಕ್ಕುಗಳು ಮೊಲದ ಜೊತೆಗೆ ಗಿಳಿಯನ್ನೂ ತಿಂದವು. ನ್ಯೂಜಿಲೆಂಡಿನಿಂದ ತಂದಿದ್ದ ವೇಕಾ ಎಂಬ ಹಾರಲಾರದ ಹಕ್ಕಿಯೂ ಅದಕ್ಕೆ ಕೈ ಸೇರಿಸಿತು. ನ್ಯೂಜಿಲೆಂಡಿನ ಜೀವವಿಜ್ಞಾನಿ ಟೇಲರ್ 1979ರಲ್ಲಿ ಕೊಟ್ಟ ವಿವರಣೆ ಇದು. ಗಿಳಿಯನ್ನು ಮುಟ್ಟದ ಮೊಲವೇ ಗಿಳಿಯ ಅಂತ್ಯಕ್ಕೆ ಕಾರಣವಾಯಿತು. ನಿಮ್ಮ ಪುಸ್ತಕದ ಆಹಾರ ಜಾಲದಲ್ಲಿ ಮೊಲಕ್ಕೂ ಗಿಳಿಗೂ ನಡುವೆ ಬಾಣದ ಗುರುತೇ ಇರುವುದಿಲ್ಲ, ನೋಡಿ.

ಒಂದನ್ನು ತೆಗೆದರೆ

1970ರ ದಶಕದಲ್ಲಿ ದ್ವೀಪದಲ್ಲಿ ಲಕ್ಷಕ್ಕೂ ಹೆಚ್ಚು ಮೊಲಗಳಿದ್ದವು. ಹುಲ್ಲು, ಕೋಸು ಎಲ್ಲ ಬೋಳಾಗುತ್ತಿದ್ದವು. ವಿಜ್ಞಾನಿಗಳು ಮೊಲಗಳಿಗೆ ಮಾತ್ರ ತಗಲುವ ಮಿಕ್ಸೋಮಾ ಎಂಬ ವೈರಸ್ ತಂದರು. ಅದನ್ನು ಹರಡಲು ಕಚ್ಚುವ ಕೀಟ ಬೇಕು. ಹಾಗಾಗಿ 1968ರಲ್ಲಿ ಮೊದಲು ಮೊಲದ ಚಿಗಟವನ್ನು ಬಿಟ್ಟರು, 1978ರಲ್ಲಿ ವೈರಸ್ ಬಿಟ್ಟರು. ಮೊಲಗಳ ಸಂಖ್ಯೆ ಇಪ್ಪತ್ತು ಸಾವಿರಕ್ಕಿಂತ ಕೆಳಗಿಳಿಯಿತು. ಗಿಡಗಳು ಚಿಗುರಿದವು.

ಆದರೆ ಮೊಲ ಸಿಗದ ಬೆಕ್ಕು ಹಕ್ಕಿಗಳ ಮೇಲೆ ತಿರುಗಿತು. ವರ್ಷಕ್ಕೆ ಸುಮಾರು 60,000 ಕಡಲ ಹಕ್ಕಿಗಳನ್ನು ಬೆಕ್ಕುಗಳು ಕೊಲ್ಲುತ್ತಿವೆ ಎಂದು ಅಂದಾಜು ಮಾಡಿದರು. 1985ರಿಂದ ಬೆಕ್ಕುಗಳನ್ನು ತೆಗೆಯುವ ಕೆಲಸ ನಡೆದು, 2000ದಲ್ಲಿ ಕೊನೆಯ ಬೆಕ್ಕು ಹೋಯಿತು. ನೂರು ವರ್ಷದಿಂದ ಗೂಡು ಕಟ್ಟದಿದ್ದ ಬೂದು ಪೆಟ್ರೆಲ್ ಎಂಬ ಹಕ್ಕಿ ಮತ್ತೆ ದ್ವೀಪದಲ್ಲಿ ಮೊಟ್ಟೆಯಿಟ್ಟಿತು. ಎಲ್ಲರಿಗೂ ಸಂತೋಷ.

ಸಂತೋಷ ಹೆಚ್ಚು ದಿನ ಇರಲಿಲ್ಲ. ಮೊಲಗಳು ಮತ್ತೆ ಏರಿದವು. 2006ರ ಹೊತ್ತಿಗೆ ಲಕ್ಷ ದಾಟಿದವು. ಬೆಟ್ಟದ ಇಳಿಜಾರುಗಳೆಲ್ಲ ಬೋಳು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಜೋರು ಮಳೆ ಬಿದ್ದು ಲುಸಿಟಾನಿಯಾ ಕೊಲ್ಲಿಯ ಮೇಲಿನ ಗುಡ್ಡ ಜಾರಿತು. ಕೆಳಗೆ ಇದ್ದ ಕಿಂಗ್ ಪೆಂಗ್ವಿನ್‌ಗಳು ಮಣ್ಣಿನಡಿ ಸಿಕ್ಕವು. ಎಣ್ಣೆ ಹಂಡೆಗಳಿಂದ ಪಾರಾಗಿ ಬೆಳೆದ ಅದೇ ಗುಂಪು.

ಇದಕ್ಕೆ ಬೆಕ್ಕು ತೆಗೆದದ್ದೇ ಕಾರಣ ಎಂದು ಕೆಲವು ವಿಜ್ಞಾನಿಗಳು 2009ರಲ್ಲಿ ಬರೆದರು. ಅದೇ ವರ್ಷ ಬೇರೆ ವಿಜ್ಞಾನಿಗಳು ಒಪ್ಪದೆ, ವೈರಸ್ಸಿನ ಪರಿಣಾಮ ಕುಗ್ಗಿದ್ದೇ ದೊಡ್ಡ ಕಾರಣ ಎಂದು ಉತ್ತರ ಕೊಟ್ಟರು. ವಿಜ್ಞಾನದಲ್ಲಿ ಹೀಗೆ ವಾದ ನಡೆಯುವುದು ಸಹಜ. ಎರಡೂ ಸ್ವಲ್ಪ ಸ್ವಲ್ಪ ಸೇರಿರಬಹುದು ಎಂಬುದು ನನ್ನ ತಿಳಿವಳಿಕೆ. ಬೆಕ್ಕನ್ನು ಬಿಟ್ಟಿದ್ದರೆ ಬೂದು ಪೆಟ್ರೆಲ್ ಮರಳಿ ಬರುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು.

ಮಾಡಿ ನೋಡಿ

ಹುಲ್ಲು ಹೋದರೆ ಗುಡ್ಡ ಏಕೆ ಜಾರುತ್ತದೆ? ಎರಡು ಹಳೆಯ ತಗಡಿನ ತಟ್ಟೆ ಅಥವಾ ಮರದ ಟ್ರೇ ತನ್ನಿ. ಬಿಸಿಯೂಟದ ತಟ್ಟೆ ತರಬೇಡಿ, ಅಡುಗೆಯವರು ನನ್ನನ್ನು ಬೈಯುತ್ತಾರೆ. ಎರಡಕ್ಕೂ ಒಂದೇ ಅಳತೆಯ ಮಣ್ಣು ತುಂಬಿ. ಒಂದರಲ್ಲಿ ಒತ್ತಾಗಿ ರಾಗಿ ಚೆಲ್ಲಿ, ಹತ್ತು ಹದಿನೈದು ದಿನ ನೀರು ಚಿಮುಕಿಸಿ ಪೈರು ಬರಿಸಿ. ಇನ್ನೊಂದಕ್ಕೂ ಅಷ್ಟೇ ನೀರು ಚಿಮುಕಿಸಿ, ಆದರೆ ಬೀಜ ಹಾಕಬೇಡಿ. ನಂತರ ಎರಡರ ಒಂದು ತುದಿಗೂ ಇಟ್ಟಿಗೆ ಕೊಟ್ಟು ಓರೆ ಮಾಡಿ. ತಳಕ್ಕೆ ತೂತು ಮಾಡಿದ ಡಬ್ಬದಿಂದ ಎರಡಕ್ಕೂ ಒಂದೊಂದು ಲೀಟರ್ ನೀರು ಸುರಿಯಿರಿ. ಕೆಳಗೆ ಹರಿದು ಬಂದ ನೀರನ್ನು ಎರಡು ಗಾಜಿನ ಲೋಟಗಳಲ್ಲಿ ಹಿಡಿದು ಒಂದು ರಾತ್ರಿ ಬಿಡಿ. ಲೋಟದ ತಳದಲ್ಲಿ ಕೂತ ಮಣ್ಣನ್ನು ಅಡಿಪಟ್ಟಿಯಿಂದ ಅಳೆಯಿರಿ. ಪೈರಿರುವ ತಟ್ಟೆಯಿಂದ ಒಂದು ಗಿಡ ಕಿತ್ತು ಬೇರು ಮಣ್ಣನ್ನು ಹೇಗೆ ಹಿಡಿದಿದೆ ನೋಡಿ. ಶಿಕ್ಷಕರೇ, ಮೂರನೇ ತಟ್ಟೆಯಲ್ಲಿ ಪೈರನ್ನು ಕತ್ತರಿಯಿಂದ ಬುಡದವರೆಗೆ ಕತ್ತರಿಸಿ, ವಾರ ಬಿಟ್ಟು ನೀರು ಹಾಕಿಸಿ ನೋಡಿ. ಅದು ಮೊಲದ ತಟ್ಟೆ.

ಮೂರನ್ನೂ ಒಟ್ಟಿಗೆ

ಇನ್ನು ಒಂದೊಂದಾಗಿ ತೆಗೆಯುವುದು ಬೇಡವೆಂದು ತೀರ್ಮಾನವಾಯಿತು. ದ್ವೀಪದಲ್ಲಿ ಮೊಲವಲ್ಲದೆ ಹಡಗಿನಿಂದ ಇಳಿದ ದೊಡ್ಡ ಇಲಿ, ಚಿಕ್ಕ ಇಲಿಗಳೂ ಇದ್ದವು. ಮೊಲ, ದೊಡ್ಡ ಇಲಿ ಹೋಗಿ ಚಿಕ್ಕ ಇಲಿ ಉಳಿದರೆ? ಅಟ್ಲಾಂಟಿಕ್ ಸಾಗರದ ಗೋಫ್ ದ್ವೀಪದಲ್ಲಿ ಚಿಕ್ಕ ಇಲಿಗಳೇ ಆಲ್ಬಟ್ರಾಸ್ ಮರಿಗಳನ್ನು ಕಚ್ಚಿ ತಿನ್ನುತ್ತವೆ. ಆದ್ದರಿಂದ ಮೂರನ್ನೂ ಒಟ್ಟಿಗೆ ತೆಗೆಯಲು 2007ರಲ್ಲಿ ಆಸ್ಟ್ರೇಲಿಯಾ ಮತ್ತು ಟಾಸ್ಮೇನಿಯಾ ಸರ್ಕಾರಗಳು ಸೇರಿ ಸುಮಾರು 2 ಕೋಟಿ 46 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿದವು.

ಚಳಿಗಾಲದಲ್ಲಿ, ಹಕ್ಕಿಗಳು ಕಡಿಮೆ ಇದ್ದಾಗ, ಹೆಲಿಕಾಪ್ಟರಿನಿಂದ ವಿಷದ ಉಂಡೆ ಚೆಲ್ಲುವ ಯೋಜನೆ. 2010ರಲ್ಲಿ ಹವಾಮಾನ ಬಿಡಲಿಲ್ಲ. ಕೆಲಸ ಅರ್ಧಕ್ಕೆ ನಿಂತಿತು. ಅಷ್ಟರಲ್ಲೇ ವಿಷ ತಿಂದು ಸತ್ತ ಮೊಲಗಳನ್ನು ತಿಂದ ದೈತ್ಯ ಪೆಟ್ರೆಲ್, ಸ್ಕುವಾ, ಕಡಲಕಾಗೆಗಳು ನೂರಾರು ಸತ್ತವು. ಉಳಿಸಲು ಹೋದ ಹಕ್ಕಿಗಳೇ ಸತ್ತದ್ದು ಅವರಿಗೆ ದೊಡ್ಡ ಪೆಟ್ಟು. ಮರುವರ್ಷ ಕ್ರಮ ಬದಲಿಸಿದರು. 2011ರ ಫೆಬ್ರವರಿಯಲ್ಲಿ ಮೊದಲು ಇನ್ನೊಂದು ಮೊಲದ ವೈರಸ್ ಬಿಟ್ಟು ಮೊಲಗಳನ್ನು ತಗ್ಗಿಸಿದರು. ವಿಷ ತಿಂದ ಹೆಣಗಳು ಕಡಿಮೆಯಾಗಲಿ ಎಂಬುದು ಉದ್ದೇಶ. ಆಮೇಲೆ ಚಳಿಗಾಲದಲ್ಲಿ ಇಡೀ ದ್ವೀಪಕ್ಕೆ ಉಂಡೆ ಚೆಲ್ಲಿದರು. ಆಗಲೂ ಹಕ್ಕಿಗಳು ಸತ್ತವು.

ನಂತರ ನಾಯಿಗಳು ಬಂದವು. ಪೆಂಗ್ವಿನ್, ಸೀಲ್ ಎದುರಿಗೇ ಬಂದರೂ ತಿರುಗಿ ನೋಡದಂತೆ, ಮೊಲದ ವಾಸನೆ ಮಾತ್ರ ಹಿಡಿಯುವಂತೆ ಅವುಗಳಿಗೆ ತರಬೇತಿ ಕೊಟ್ಟಿದ್ದರು. ಉಳಿದಿದ್ದದ್ದು ಹದಿಮೂರು ಮೊಲ. ಕೊನೆಯದು 2011ರ ನವೆಂಬರ್‌ನಲ್ಲಿ ಸಿಕ್ಕಿತು. ಅದೇ ಕೊನೆಯದು ಎಂದು ಹೇಗೆ ಗೊತ್ತು? ಗೊತ್ತಾಗುವುದಿಲ್ಲ. ಆದ್ದರಿಂದಲೇ ಎರಡು ವರ್ಷಕ್ಕೂ ಹೆಚ್ಚು ಕಾಲ ಮನುಷ್ಯರೂ ನಾಯಿಗಳೂ ಮಳೆಯಲ್ಲಿ ದ್ವೀಪವನ್ನು ಮತ್ತೆ ಮತ್ತೆ ಸುತ್ತಿ, ಏನೂ ಸಿಗದಿರುವುದನ್ನು ಖಚಿತ ಮಾಡಿಕೊಂಡರು. 2014ರ ಏಪ್ರಿಲ್‌ನಲ್ಲಿ ದ್ವೀಪ ಮುಕ್ತವಾಯಿತೆಂದು ಘೋಷಿಸಿದರು. ಏನೂ ಸಿಗದಿರಲಿ ಎಂದು ಎರಡು ವರ್ಷ ಹುಡುಕುವ ಕೆಲಸ ನನಗಂತೂ ಬಹಳ ದೊಡ್ಡದಾಗಿ ಕಾಣುತ್ತದೆ.

ಈ ಪಾಠ ಹೇಳುವಾಗ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ: 'ಮೊಲದ್ದು ಏನು ತಪ್ಪು ಸಾರ್?' ತಪ್ಪು ಮೊಲದ್ದಲ್ಲ, ತಂದವರದು. ಆದರೆ ತಂದವರು ತೀರಿಕೊಂಡು ನೂರು ವರ್ಷವಾಗಿತ್ತು, ಗುಡ್ಡ ಜಾರುತ್ತಿತ್ತು. ಕೊಂದದ್ದು ಸರಿ ಎಂದು ನಾನು ಒಪ್ಪುತ್ತೇನೆ, ಸಂತೋಷದಿಂದ ಅಲ್ಲ. ನಿಮ್ಮ ತರಗತಿಯಲ್ಲಿ ಎರಡು ಗುಂಪು ಮಾಡಿಕೊಂಡು ಚರ್ಚಿಸಿ.

ಈಗ ಹುಲ್ಲು ಮತ್ತೆ ಸೊಂಟದೆತ್ತರ ಬೆಳೆದಿದೆ. ಮಕ್ವಾರಿ ಕೋಸು ಅಗಲ ಎಲೆ ಬಿಟ್ಟಿದೆ. ಆದರೆ ದಿಬ್ಬದ ಮೇಲಿನ ಮೆತ್ತೆ ಗಿಡ ಬೇರೆ ಕತೆ ಹೇಳುತ್ತಿದೆ. ಅಜೋರೆಲ್ಲ ಮಕ್ವಾರಿಯೆನ್ಸಿಸ್ ಎಂಬ ಈ ಗಿಡ ಜಗತ್ತಿನಲ್ಲಿ ಇಲ್ಲಿ ಮಾತ್ರ ಇರುವುದು, ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವುದು. 2008ರಲ್ಲಿ ವಿಜ್ಞಾನಿಗಳು ನೋಡಿದಾಗ ಅದು ದೊಡ್ಡ ಪ್ರದೇಶಗಳಲ್ಲಿ ಕಂದಾಗಿ ಸಾಯುತ್ತಿತ್ತು. 2010ರಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಸಸ್ಯವೆಂದು ಪಟ್ಟಿ ಮಾಡಿದರು. ಬೇಸಿಗೆಯಲ್ಲಿ ಗಾಳಿ ಹೆಚ್ಚಿ ಗಿಡಕ್ಕೆ ನೀರು ಸಾಲದಾಗಿದೆ, ಸೊರಗಿದ ಗಿಡಕ್ಕೆ ರೋಗ ತಗಲುತ್ತಿದೆ ಎಂಬುದು ಅವರ ಅಧ್ಯಯನದ ಫಲ. ಬದಲಾಗುತ್ತಿರುವ ಹವೆಯನ್ನು ನಾಯಿ ಬಿಟ್ಟು ಹಿಡಿಯಲಾಗದು. ಕುಂಡಗಳಲ್ಲಿ ಆ ಗಿಡ ಬೆಳೆಸಿ ಬೀಜ ಉಳಿಸಲು ಹೊರಟಿದ್ದಾರೆ.

ಇಂದು ಮಕ್ವಾರಿಗೆ ಹೋಗುವ ಪ್ರತಿಯೊಬ್ಬರೂ ಹಡಗಿನಲ್ಲಿಯೇ ಬೂಟಿನ ಅಡಿಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು, ಜೇಬು ತಿರುಗಿಸಿ ಕೊಡವಬೇಕು, ಚೀಲದ ಹೊಲಿಗೆಯಲ್ಲಿ ಸಿಕ್ಕಿದ ಒಂದು ಹುಲ್ಲಿನ ಬೀಜವನ್ನೂ ಹೆಕ್ಕಿ ತೆಗೆಯಬೇಕು. ಅದಾದ ಮೇಲೆಯೇ ದೋಣಿ ಇಳಿಸುತ್ತಾರೆ.